ರಾಯರ ಜಾಡಿಗಳಿಗೆ ಹಿಡಿದ ಗ್ರಹಣ

ತಮಿಳು ಸೀಮೆಯ ಪೆರಂಬೂರಿನ ನಮ್ಮ ಬಾಡಿಗೆ ಮನೆಗೆ ಎರಡು ಪೋರ್ಷನ್, ಒಂದೇ ಹಿತ್ತಿಲು, ಒಂದೇ ಬಾವಿ. ಒಂದು ಕಡೆ ಹುಬ್ಬಳ್ಳಿಯಿಂದ ಹತ್ತಿ ವ್ಯಾಪಾರಕ್ಕೆಂದು ಬಂದ ನನ್ನ ಯಜಮಾನರು ಗುರುಬಸಪ್ಪ ಮತ್ತು ನಾನು. ಇನ್ನೊಂದು ಕಡೆ ತಿರುಮಲರಾಯರು, ಅವರ ಹೆಂಡತಿ ಗೋದಾಬಾಯಿ. ಐವತ್ತರ ದಶಕದ ಮೊದಲಿನಿಂದ ರಾಯರು ರಿಟೈರಾಗುವವರೆಗೆ ನಾವು ಆ ಹಿತ್ತಿಲನ್ನು ಹಂಚಿಕೊಂಡೆವು. ಹಂಚಿಕೊಂಡೆವು ಅಂದರೆ ಗೋದಾಬಾಯಿಯ ಕೊಡ ನಾನು ಮುಟ್ಟುವಂತಿಲ್ಲ, ಅವರ ಮಡಿ ಸೀರೆ ಒಣಗುವ ತಂತಿಯ ಕೆಳಗೆ ನಾನು ಹಾಯುವಂತಿಲ್ಲ. ಅಷ್ಟು ಬಿಟ್ಟರೆ ಒಳ್ಳೇ ಹೆಂಗಸು. ನಾನೇನೂ ಬಾಯಿಲ್ಲದವಳಲ್ಲ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿಯೇ ಹೊಂದಿತು.

ರಾಯರು ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿ ಗುಮಾಸ್ತರು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಭಾನುವಾರ ಬಂತೆಂದರೆ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ. ಬಸ್ಸು ಹತ್ತಿ ಪೂಂದಮಲ್ಲಿಯಾಚೆ ಹೋಗಿ, ಕೂವಂ ನದಿಯಲ್ಲಿ ಮೊಣಕಾಲವರೆಗೆ ಇಳಿದು, ಹಳೇ ಟೀ ಸೋಸುವ ಜರಡಿಯಿಂದ ಮರಳು ಜಾಲಾಡಿ ಹುಳ ಹಿಡಿದು ತರುತ್ತಿದ್ದರು. ಊರೊಳಗಿನ ಕೂವಂ ನೋಡಿ ಮೂಗು ಮುಚ್ಚಿಕೊಳ್ಳುವವರಿಗೆ ಮೇಲಿನ ಕೂವಂ ಗೊತ್ತಿರಲಿಲ್ಲ. ಅಲ್ಲಿ ಮರಳು ಕಾಣುವಷ್ಟು ತಿಳಿ ನೀರಿತ್ತಂತೆ.

ಹಿತ್ತಿಲ ಜಗಲಿಯ ಮೇಲೆ ಹಾರ್ಲಿಕ್ಸ್ ಬಾಟಲಿ, ಬಾಯಿ ಒಡೆದ ಉಪ್ಪಿನಕಾಯಿ ಜಾಡಿಗಳಲ್ಲಿ ಅವರ ನದಿ ಇರುತ್ತಿತ್ತು. ಒಂದರಲ್ಲಿ ಗಾಜಿಗೆ ಹತ್ತಿದ ಪಾಚಿ ನೆಕ್ಕುವ ಬಸವನಹುಳುಗಳು. ಅವನ್ನು ನನಗೆ ತೋರಿಸಿ, "ನಿಮ್ಮ ಕಡೆಯವರು ಜಗದೇವಿಯವರೇ, ಶುದ್ಧ ಶಾಕಾಹಾರಿಗಳು" ಎನ್ನುತ್ತಿದ್ದರು. ಇನ್ನೊಂದರಲ್ಲಿ ಕೊಳೆತ ಎಲೆ ಮೇಯುವ ಮೂರು ಬಾಲದ ಸಣ್ಣ ಹುಳು. ಮತ್ತೊಂದರಲ್ಲಿ ಆ ಮೂರು ಬಾಲದವನ್ನೇ ಹಿಡಿದು ತಿನ್ನುವ, ಮರಳಲ್ಲಿ ಹೂತು ಕಣ್ಣು ಮಾತ್ರ ಹೊರಗಿಟ್ಟು ಕೂರುವ ಚಪ್ಪಟೆ ಮರಿ. ಅದು ಏರೋಪ್ಲೇನ್ ಚಿಟ್ಟೆಯ ಮರಿ, ನೀರಲ್ಲಿ ಬೆಳೆದು ಒಂದು ದಿನ ಚರ್ಮ ಸೀಳಿಕೊಂಡು ಹಾರಿಹೋಗುತ್ತದೆ ಎಂದು ರಾಯರು ಹೇಳಿದಾಗ ನಾನು ನಂಬಿರಲಿಲ್ಲ. ನಂಬುವುದು ಹೇಗೆ? ಅವರ ಜಾಡಿಯಿಂದ ಒಂದೂ ಹಾರಿದ್ದನ್ನು ನಾನು ಕಂಡಿರಲಿಲ್ಲ.

ಚಿಕ್ಕಂದಿನಲ್ಲಿ ರಾಯರು ಅಪ್ಪನ ಜೊತೆ ಅಮಾವಾಸ್ಯೆ ಸ್ನಾನಕ್ಕೆ ನದಿಗೆ ಇಳಿದಾಗ ಅವರ ಕಾಲ್ಬೆರಳನ್ನು ಇಂಥದೇ ಮರಿ ಕಚ್ಚಿತ್ತಂತೆ. "ಕಚ್ಚಿದವನು ದೊಡ್ಡವನಾಗಿ ಹೇಗೆ ಕಾಣ್ತಾನೆ ಅಂತ ಒಂದ್ಸಲ ನೋಡ್ಬೇಕು" ಎನ್ನುತ್ತಿದ್ದರು. ವರ್ಷವರ್ಷವೂ ಸಾಕಿದರು. ಮರಿ ಬೆಳೆಯುತ್ತಿತ್ತು, ಬೆನ್ನ ಮೇಲೆ ರೆಕ್ಕೆಯ ಗುಬುಟು ಉಬ್ಬುತ್ತಿತ್ತು, ಆಮೇಲೆ ಉಣ್ಣುವುದು ಬಿಡುತ್ತಿತ್ತು. ಹತ್ತಿಕೊಂಡು ಹೊರಬರಲೆಂದು ರಾಯರು ಪ್ರತಿ ಜಾಡಿಗೂ ಗಾಜಿನ ಕಡ್ಡಿ ನಿಲ್ಲಿಸಿದ್ದರು. ಸೌದೆ ಕಡ್ಡಿ ಕೊಳೆತು ನೀರು ಕೆಡುತ್ತದೆಂದು ಗಾಜಿನದೇ ಆಗಬೇಕು, ಅದನ್ನೂ ವಾರಕ್ಕೊಮ್ಮೆ ಬೂದಿ ಹಾಕಿ ತಿಕ್ಕಿ ಹೊಳೆಯಿಸಬೇಕು. ಹೆಂಡತಿಯ ಮಡಿಯನ್ನು ಗೇಲಿ ಮಾಡುವ ಮನುಷ್ಯ ಹುಳಗಳಿಗೆ ಅದಕ್ಕಿಂತ ಕಟ್ಟುನಿಟ್ಟಿನ ಮಡಿ ಮಾಡುತ್ತಿದ್ದರು! ಆದರೂ ಮರಿ ಬೆಳಿಗ್ಗೆ ಸತ್ತು ತೇಲುತ್ತಿತ್ತು. ಅವತ್ತು ರಾಯರು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು.

ಗೋದಾಬಾಯಿಗೆ ಈ ಜಾಡಿಗಳು ಕಣ್ಣಿಗೆ ಬಿದ್ದ ಕಸ. "ವೈಷ್ಣವರ ಮನೇಲಿ ಹುಳ ತಿನ್ನೋ ಹುಳ! ಹೋದ ಜನ್ಮದಲ್ಲಿ ಕಾಸಿಮೇಡಲ್ಲಿ ಮೀನು ಮಾರ್ತಿದ್ರೋ ಏನೋ" ಎಂದು ಗಂಡನನ್ನು ಚುಚ್ಚುತ್ತಿದ್ದರು. ಅಲ್ಲಿಗೇ ಬಿಡಲಿಲ್ಲ, ಏಕಾದಶಿ ದಿನ ಜಾಡಿಗೂ ಊಟ ಹಾಕಕೂಡದೆಂದು ಕಟ್ಟಳೆ ಮಾಡಿದರು. ರಾಯರು ಒಪ್ಪಿದರು, ಒಂದು ದಿನ ಹಸಿದರೆ ಮರಿ ಸಾಯುವುದಿಲ್ಲವಂತೆ. ಹಾಗೆ ನಮ್ಮ ಹಿತ್ತಿಲಿನ ಕ್ರೂರಪ್ರಾಣಿಗಳೆಲ್ಲ ತಿಂಗಳಿಗೆರಡು ಬಾರಿ ಉಪವಾಸ ಮಾಡುತ್ತಿದ್ದವು.

ಐವತ್ತೈದರ ಜೂನ್‌ನಲ್ಲಿ ಸೂರ್ಯಗ್ರಹಣ ಬಂತು. ಆ ಬೇಸಿಗೆಯಲ್ಲಿ ನದಿ ಬತ್ತಿ ಮಡುಗಳಷ್ಟೇ ಉಳಿದಿದ್ದವು. ರಾಯರ ಬಳಿಯೂ ಒಂದೇ ಮರಿ ಉಳಿದಿತ್ತು. ಗ್ರಹಣದ ಹಿಂದಿನ ವಾರ ಅದೂ ಉಣ್ಣುವುದು ಬಿಟ್ಟಿತು.

"ನೋಡಿ, ಏಕಾದಶಿ ಅಲ್ದಿದ್ರೂ ಉಪವಾಸ. ನಿಮಗಿಂತ ಅದಕ್ಕೇ ಬುದ್ಧಿ ಬಂತು" ಎಂದರು ಗೋದಾಬಾಯಿ.

ಹಿಂದಿನ ದಿನ ಸಂಜೆ ಜಗಳ ಹತ್ತಿತು. ಗ್ರಹಣ ಕಳೆದ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು, ಅದು ಅವರ ಪದ್ಧತಿ. ಉಪ್ಪಿನಕಾಯಿ, ತುಪ್ಪ, ಹಪ್ಪಳದ ಡಬ್ಬಗಳಿಗೆ ದರ್ಭೆ ಹಾಕಿಟ್ಟರೆ ಅವಕ್ಕೆ ದೋಷವಿಲ್ಲ.

"ಹಾಗಾದ್ರೆ ಜಾಡಿಗಳಿಗೂ ಒಂದೊಂದು ದರ್ಭೆ ಹಾಕು" ಎಂದರು ರಾಯರು.

"ಶರಿಯಾಪ್ಪೋಚ್ಚು, ಸರಿಹೋಯ್ತು! ಪೂಜೆ ದರ್ಭೆನ ಹುಳಕ್ಕೆ ಹಾಕ್ಬೇಕಾ? ಎಲ್ಲಾ ಚೆಲ್ಲೋದೇ. ಅಲ್ಲಿಗೆ ಈ ಪೀಡೆ ತೀರ್ತು."

ನನಗೆ ತಡೆಯಲಿಲ್ಲ. "ಗೋದಕ್ಕ, ನಮ್ಮ ಮನ್ಯಾಗ ಗ್ರಹಣದ ಸೂತಕ ಇಲ್ಲ. ಜಾಡಿ ನಮ್ಮ ಕಡೆ ಇಟ್ಟು ಬಿಡ್ರಿ, ಆಮ್ಯಾಲೆ ತಗೊಂಡು ಹೋಗ್ರಿ" ಎಂದೆ. ರಾಯರೇ ಬೇಡವೆಂದರು. ಈ ಹೊತ್ತಿನಲ್ಲಿ ಜಾಡಿ ಅಲುಗಿದರೂ ಮರಿ ಉಳಿಯುವುದಿಲ್ಲ ಎಂದು ಹೇಳಿ ಒಳಗೆ ಹೋದರು. ಗೋದಾಬಾಯಿ ಅವರ ಬೆನ್ನನ್ನೇ ನೋಡುತ್ತ ನಿಂತರು.

ಮರುದಿನ ಬೆಳಗಾಗುವ ಹೊತ್ತಿಗೆ ನಾನು ಬಾಗಿಲು ತೆರೆದರೆ ಗೋದಾಬಾಯಿ ದರ್ಭೆಯ ಕಟ್ಟು ಹಿಡಿದು ಜಗಲಿಯ ಹತ್ತಿರ ನಿಂತಿದ್ದರು. ಮುಖ ಸಿಂಡರಿಸಿಕೊಂಡೇ ಒಂದೊಂದು ಜಾಡಿಗೂ ನಾಲ್ಕಾರು ಎಸಳು ಉದ್ದುದ್ದ ಇಳಿಬಿಡುತ್ತಿದ್ದರು. ನನ್ನನ್ನು ಕಂಡು ಕಣ್ಣು ಕೆಕ್ಕರಿಸಿದರು.

"ರಾಯರಿಗೆ ಹೇಳ್ಬೇಡಿ. ತಲೆ ಮೇಲೆ ಕೂತ್ಕೋತಾರೆ."

ಗ್ರಹಣ ಹಿಡಿಯಿತು. ಗಂಡ ಹೆಂಡತಿ ಸ್ನಾನ ಮಾಡಿ ಒಳಗೆ ಜಪಕ್ಕೆ ಕೂತರು. ಜಾಡಿಗಳ ಗತಿ ಮುಗಿಯಿತೆಂದೇ ತಿಳಿದಿದ್ದ ರಾಯರು ಹಿತ್ತಿಲ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಒಲೆಯ ಮೇಲೆ ಉಪ್ಪಿಟ್ಟಿಟ್ಟು ಹೊರಗೆ ಬಂದೆ. ಬಿಸಿಲು ಮಂಕಾಗಿ ಹಿತ್ತಿಲೆಲ್ಲ ಮುಸ್ಸಂಜೆಯ ಬಣ್ಣವಾಗಿತ್ತು. ಜಾಡಿಯಲ್ಲಿ ಮರಿ ಮರಳಿನಿಂದ ಎದ್ದು ಗಾಜಿನ ಕಡ್ಡಿಗೆ ಕಾಲು ಹಾಕುತ್ತಿತ್ತು. ಹತ್ತುತ್ತದೆ, ಜಾರುತ್ತದೆ. ಮತ್ತೆ ಹತ್ತುತ್ತದೆ, ಮತ್ತೆ ಜಾರುತ್ತದೆ. ಅಷ್ಟು ವರ್ಷ ಅವು ಯಾಕೆ ಸತ್ತವೆಂದು ನನಗೆ ಆಗ ಹೊಳೆಯಿತು. ತಿಕ್ಕಿ ತಿಕ್ಕಿ ನುಣುಪು ಮಾಡಿದ ಕಡ್ಡಿಯಲ್ಲಿ ಉಗುರು ಊರಲು ಜಾಗವೆಲ್ಲಿದೆ? ಕೂಗೋಣವೆಂದರೆ ಒಳಗೆ ಜಪ. ಅಷ್ಟರಲ್ಲಿ ಮರಿಯ ಕಾಲು ದರ್ಭೆಗೆ ತಾಗಿತು. ದರ್ಭೆಯ ಅಂಚು ಗೊತ್ತಲ್ಲ, ಬೆರಳು ಕೊಯ್ಯುವಷ್ಟು ಒರಟು. ಗಪ್ಪನೆ ಹಿಡಿದು ನೀರಿನಿಂದ ಮೇಲೆ ಬಂದು ನಿಂತಿತು, ಬೆನ್ನು ಸೀಳಿತು. ನನ್ನ ಉಪ್ಪಿಟ್ಟು ತಳ ಹಿಡಿದದ್ದು ಯಜಮಾನರು ಕೂಗಿದ ಮೇಲೇ ಗೊತ್ತಾಯಿತು.

ಗ್ರಹಣ ಬಿಟ್ಟಿತು. ಇಬ್ಬರೂ ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡರು. ಗೋದಾಬಾಯಿ ಹಂಡೆ, ಕೊಡ ಎಲ್ಲ ದಡದಡ ಚೆಲ್ಲುತ್ತ ಬಂದರು. ರಾಯರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಸದ್ದು ನಿಂತಾಗ ಕಣ್ಣು ಬಿಟ್ಟರು. ಜಾಡಿಗಳು ತುಂಬಿಯೇ ಇದ್ದವು. ದರ್ಭೆಯ ಮೇಲೆ ಹಳದಿ ಕಪ್ಪು ಪಟ್ಟೆಯ ಏರೋಪ್ಲೇನ್ ಚಿಟ್ಟೆ ಒದ್ದೆ ರೆಕ್ಕೆ ಹರಡಿಕೊಂಡು ಕೂತಿತ್ತು.

"ಗೋದಾ..." ಎಂದರು ರಾಯರು. ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

"ಕೂಗ್ಬೇಡಿ, ಹೆದರ್ಕೊಳತ್ತೆ" ಎಂದರು ಗೋದಾಬಾಯಿ.

ಚಿಟ್ಟೆ ಒಮ್ಮೆ ನಡುಗಿತು, ತೂರಾಡುತ್ತ ಹಾರಿತು, ಹೋಗಿ ಕೂತದ್ದು ತಂತಿಗೆ ದರ್ಭೆ ಸಿಕ್ಕಿಸಿ ಹರವಿದ್ದ ಮಡಿ ಸೀರೆಯ ಸೆರಗಿನ ಮೇಲೆ. ಹುಳ ಮುಟ್ಟಿದರೆ ಮಡಿ ಕೆಟ್ಟಂತೆಯೇ. ಆ ಸೀರೆ ಉಟ್ಟಲ್ಲದೆ ಅಡುಗೆ ಇಲ್ಲ, ಇಬ್ಬರೂ ಹಿಂದಿನ ದಿನದಿಂದ ಉಪವಾಸ. ರಾಯರು ಸೀರೆ ತೆಗೆಯುವ ಬಿದಿರಿನ ಗಳ ಕೈಗೆತ್ತಿಕೊಂಡರು.

"ಓಡಿಸ್ಲೇನೇ?"

ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ ಗೋದಾಬಾಯಿ ಗಂಡನ ಕೈಯಿಂದ ಗಳ ಕಿತ್ತುಕೊಂಡು ಗೋಡೆಗೆ ಒರಗಿಸಿದರು.

"ಸುಮ್ನಿರಿ. ಅದೂ ಈಗ ತಾನೆ ನೀರಿಂದ ಎದ್ದು ಬಂದಿದೆ, ನನ್ನಷ್ಟೇ ಮಡಿ. ಒಣಗ್ಲಿ."

ಅವತ್ತು ಅವರ ಮನೆಯಲ್ಲಿ ಒಲೆ ಹೊತ್ತಿದ್ದು ಅದು ಹಾರಿಹೋದ ಮೇಲೆ.