ಅರ್ಧ ಲೋಟ ಚಹಾ

ನನ್ನ ಕೈಗೆ ಬಂದ ಚಹಾದ ಲೋಟ ಅರ್ಧ ಮಾತ್ರ ತುಂಬಿತ್ತು. ಕುಡುಕನಿಗೆ ಇಷ್ಟೇ ಸಾಕು ಎಂದುಕೊಂಡರೇನೋ ಅನಿಸಿ ಸಿಟ್ಟು ಬಂತು.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ. ಕುಡಿತ ಬಿಟ್ಟವರು ಮಡಂತ್ಯಾರಿನ ಶಾಲೆಯೊಂದರಲ್ಲಿ ವಾರವಾರವೂ ಸೇರುತ್ತಾರೆ ಎಂದು ಪರಿಚಯದ ಬಸ್ ಕಂಡಕ್ಟರ್ ಹೇಳಿದ್ದರು. ಕುಡಿಯದೆ ನಾಲ್ಕು ದಿನವಾಗಿತ್ತು. ನಾಚಿಕೆಯಿಂದ ಬಿ.ಸಿ.ರೋಡಿನಲ್ಲಿ ಐದಾರು ಬಸ್ಸು ಬಿಟ್ಟು, ಕೊನೆಗೆ ಹೇಗೋ ಹತ್ತಿ ಬಂದಿದ್ದೆ.

ಲೋಟ ಎತ್ತಿದೆ. ಕೈ ಗಡಗಡ ನಡುಗಿತು. ಚಹಾ ಅಂಚಿನವರೆಗೆ ತುಳುಕಿತು, ಆದರೆ ಒಂದು ಹನಿಯೂ ಚೆಲ್ಲಲಿಲ್ಲ. ತಲೆ ಎತ್ತಿ ನೋಡಿದರೆ ಬೆಂಚುಗಳಲ್ಲಿದ್ದ ಅಷ್ಟೂ ಜನರ ಕೈಯಲ್ಲಿ ಅರ್ಧ ಲೋಟವೇ!

ಚಹಾ ಹಂಚುತ್ತಿದ್ದ ನಿವೃತ್ತ ಮಾಸ್ಟ್ರು ನನ್ನ ಪಕ್ಕ ಬಂದು ಮೆಲ್ಲನೆ ಹೇಳಿದರು: "ನನ್ನ ಕೈ ನಡುಗುವುದು ನಿಂತು ಒಂಬತ್ತು ವರ್ಷ ಆಯ್ತು ಮಾರಾಯ್ರೆ. ಆದ್ರೆ ಹೊಸಬರು ಬಂದ ದಿನ ಇಲ್ಲಿ ಎಲ್ಲರಿಗೂ ಅರ್ಧವೇ. ಕುಡಿಯಿರಿ, ಪುನಃ ಹಾಕ್ತೇನೆ."

ಆ ಸಂಜೆ ಮೂರು ಸಲ ಹಾಕಿಸಿಕೊಂಡೆ.

ಈಗ ನನ್ನ ಕೈ ನಡುಗುವುದಿಲ್ಲ. ಮನೆಯಲ್ಲಿ ಹೆಂಡತಿ ಅಂಚಿನವರೆಗೆ ತುಂಬಿಸಿಯೇ ಕೊಡುತ್ತಾಳೆ. ಭಾನುವಾರ ಆ ಶಾಲೆಯ ಬಾಗಿಲಲ್ಲಿ ಹೊಸ ಮುಖ ಕಂಡರೆ ಮಾತ್ರ, "ನನಗೆ ಅರ್ಧ ಸಾಕು" ಎನ್ನುತ್ತೇನೆ.