ಬಾಲ್ ಎಲ್ಲುಂಟು, ಯಾರಾದರೂ ಹೇಳಿ

ಕಳೆದ ಭಾನುವಾರ ನಾನು ಹಾಕಿ ಕಾಮೆಂಟೇಟರ್ ಆದೆ.

ನಗಬೇಡಿ. ಹಾಕಿ ಸ್ಟಿಕ್ಕನ್ನು ನಾನು ಜೀವಮಾನದಲ್ಲಿ ಹಿಡಿದದ್ದು ಒಮ್ಮೆ ಮಾತ್ರ, ಅದೂ ಅಟ್ಟದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೀಲ ಎಳೆಯುವುದಕ್ಕೆ. (ನಾವು ಶನಿವಾರಸಂತೆ ಕಡೆಯ ಅಂಗಡಿ ಜನ. ನಮ್ಮ ಮನೆಯಲ್ಲಿ ಆಟ ಅಂದರೆ ಚೌಕಾಬಾರ.) ಆದರೂ ಅವತ್ತು ಕುಶಾಲನಗರದ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಕೂತು, ಗಂಟಲು ಕಟ್ಟುವ ತನಕ ಮ್ಯಾಚ್ ಹೇಳಿದೆ. ಕೇಳುಗರು ಒಬ್ಬರೇ. ಮುದ್ದಯ್ಯ ಅಂಕಲ್.

ಅಂಕಲ್ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಇಲ್ಲಿದ್ದಾರೆ. ಕಣ್ಣಿನ ಪ್ರೆಶರ್ ಏರಿ ಮೊದಲು ಒಂದು ಕಣ್ಣು ಹೋಯಿತು, ಹೋದ ಮಳೆಗಾಲದಲ್ಲಿ ಇನ್ನೊಂದು. ಬೆಳಕು ಯಾವುದು, ಕತ್ತಲೆ ಯಾವುದು ಎಂದು ಗೊತ್ತಾಗುತ್ತದೆ, ಅಷ್ಟೆ. ಮನೆಯವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಮರೆಯುತ್ತಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಬೇಸಿಗೆ ಬಂತೆಂದರೆ ಕೊಡವ ಕುಟುಂಬಗಳ ನಡುವೆ ಹಾಕಿ. ಒಂದು ಮನೆತನಕ್ಕೆ ಒಂದು ಟೀಮ್. ದೊಡ್ಡಪ್ಪ, ಅಣ್ಣನ ಮಗ, ಸೊಸೆ, ಕಾಲೇಜಿಗೆ ಹೋಗುವ ಹುಡುಗಿ, ಎಲ್ಲರೂ ಒಟ್ಟಿಗೆ ಓಡುತ್ತಾರೆ. ಈ ಸಲ ಅಂಕಲ್ ಮೊಮ್ಮಗಳು ದೇಚು ಮೊದಲ ಬಾರಿಗೆ ಟೀಮಿನಲ್ಲಿ. ಅವಳ ಕೈಗೆ ಸ್ಟಿಕ್ ಕೊಟ್ಟು, ಹಿತ್ತಲಲ್ಲಿ ನಿಲ್ಲಿಸಿ, ಬೈದು ಬೈದು ಕಲಿಸಿದವರು ಈ ಅಜ್ಜನೇ. "ಇವ್ಳು ಮನೆ ಟೀಮಲ್ಲಿ ಆಡೋದೊಂದು ನೋಡ್ಬಿಟ್ರೆ ಸಾಕು" ಎನ್ನುತ್ತಿದ್ದರು. ಕಣ್ಣು ಅಷ್ಟು ದಿನ ಕಾಯಲಿಲ್ಲ.

"ಗ್ರೌಂಡಿಗೇ ಹೋಗಬಹುದಿತ್ತಲ್ಲ ಅಂಕಲ್?" ಎಂದೆ.

"ಅಲ್ಲಿ ಹೋಗಿ ನಾನೇನು ಮಾಡ್ಲಿ ಮಾರಾಯ್ತಿ? ಬೊಬ್ಬೆ ಮಾತ್ರ ಕೇಳ್ತದೆ. ನಂಗೆ ಕಾಮೆಂಟರಿ ಬೇಕು."

ಅದಕ್ಕೆ ಸೊಸೆ ಹೊರಡುವ ಮೊದಲು ಅವರ ಫೋನಿನಲ್ಲಿ ಲೈವ್ ಹಾಕಿ, ಕೈಗೆ ಕೊಟ್ಟು, "ಸ್ವಲ್ಪ ನೋಡ್ಕೊಳ್ಳಿ" ಎಂದು ನನ್ನನ್ನು ಕೂರಿಸಿ ಹೋದಳು.

ಲೈವ್ ಏನೋ ಚೆನ್ನಾಗಿತ್ತು. ಡ್ರೋನ್ ಇತ್ತು, ಮ್ಯೂಸಿಕ್ ಇತ್ತು. ಕಾಮೆಂಟರಿ ಹೇಳುವ ಹುಡುಗನೂ ಇದ್ದ. ಅವನು ಏನು ಹೇಳುತ್ತಿದ್ದ ಗೊತ್ತೇ? "ವಾವ್! ನೋಡಿ ನೋಡಿ, ಏನ್ ಮೂವ್ ಗುರೂ!" ಆಮೇಲೆ ಸುಮ್ಮನೆ. ಆಮೇಲೆ ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಐಕನ್ ಒತ್ತಿ. ಮತ್ತೆ ಸುಮ್ಮನೆ. ಅವನದೇನು ತಪ್ಪು? ಎಲ್ಲರಿಗೂ ಕಾಣುತ್ತಿರುವುದನ್ನು ಅವನೇಕೆ ಹೇಳಬೇಕು?

ಅಂಕಲ್ ಫೋನನ್ನು ಕಿವಿಗೆ ಹಿಡಿದರು. ಇನ್ನೊಂದು ಕಿವಿಗೆ ಬದಲಾಯಿಸಿದರು. ಕೊನೆಗೆ ನನ್ನ ಕಡೆ ಮುಖ ತಿರುಗಿಸಿ ಕೇಳಿದರು.

"ಬಾಲ್ ಎಲ್ಲುಂಟು?"

ಒಂದು ಕಾಲದಲ್ಲಿ ಈ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲವಂತೆ. ಅಂಕಲ್ ಹೇಳುತ್ತಾರೆ: ಮಾರ್ಚ್, ಏಪ್ರಿಲ್‌ನಲ್ಲಿ ಕರಿಮೆಣಸು ಕುಯ್ಯುವಾಗ ಕಾಫಿ ಗಿಡದ ಕೊಂಬೆಗೆ ಟ್ರಾನ್ಸಿಸ್ಟರ್ ತೂಗು ಹಾಕುತ್ತಿದ್ದರು. ಏಣಿಯ ಮೇಲೆ ನಿಂತವರೂ ಕೇಳಬೇಕಲ್ಲ! ಕೂಲಿಯವರ ಲೈನ್ ಮನೆಗಳ ತಮಿಳರು, ಮಲಯಾಳದವರು, ಯಾರಿಗೂ ಕನ್ನಡ ಪೂರಾ ಬಾರದು. ಆದರೆ ವೀಕ್ಷಕ ವಿವರಣೆ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಗೋಲ್ ಬಿದ್ದರೆ ಏಣಿ ಅಲ್ಲಾಡುತ್ತಿತ್ತು.

ವಿವರಣೆ ಕೊಡುತ್ತಿದ್ದವರು ಒಬ್ಬ ಡ್ರಿಲ್ ಮೇಷ್ಟ್ರು. ಅವರಿಗಿದ್ದ ಕಷ್ಟ ಬೇರೆ ಯಾವ ಊರಿನ ಕಾಮೆಂಟೇಟರಿಗೂ ಇರಲಿಕ್ಕಿಲ್ಲ. ಹನ್ನೊಂದು ಜನರಿಗೂ ಮನೆತನದ ಹೆಸರು ಒಂದೇ! ಆ ಹೆಸರು ಹೇಳಿದರೆ ಬಾಲ್ ಯಾರ ಹತ್ತಿರ ಇದೆ ಎಂದು ಯಾರಿಗೆ ತಿಳಿಯಬೇಕು? ಅದಕ್ಕೆ ಮೇಷ್ಟ್ರು ಮನುಷ್ಯರನ್ನೇ ಹೇಳುತ್ತಿದ್ದರು. "ಬಾಲ್ ಈಗ ಮಿಲಿಟರಿಯಿಂದ ರಜೆಯ ಮೇಲೆ ಬಂದ ಹಿರಿಯ ಮಗನ ಬಳಿ, ಅಲ್ಲಿಂದ ಚಿಕ್ಕಪ್ಪನಿಗೆ, ಚಿಕ್ಕಪ್ಪ ಕೊಟ್ಟದ್ದು ಎಡಗಡೆ ಕಾದಿದ್ದ ಹೊಸ ಸೊಸೆಗೆ." ಇಡೀ ಎಸ್ಟೇಟಿಗೆ ಆ ಮನೆಯ ಸೊಸೆ ಗೊತ್ತಾಗಿಬಿಡುತ್ತಿದ್ದಳು.

ಆಮೇಲೆ ಮ್ಯಾಚ್ ಟಿವಿಯಲ್ಲಿ ಬಂತು, ಫೋನಿನಲ್ಲಿ ಬಂತು. ಇಡೀ ಮ್ಯಾಚ್ ಹೇಳುತ್ತಿದ್ದ ರೇಡಿಯೊ ಫೈನಲ್ ಮಾತ್ರ ಹೇಳಿತು. ಮುಂದೆ ಸಂಜೆ ಸುದ್ದಿಯಲ್ಲಿ ಸ್ಕೋರ್ ಮಾತ್ರ. ಈಗ ಅದೂ ಇಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ ಜನರಿಗೆಂದೇ ಇದ್ದ ಸ್ಪೋರ್ಟ್ಸ್ ರೇಡಿಯೊ ಕೂಡ ಹೀಗೇ ಬೆಳೆದು, ಹೀಗೇ ಸೊರಗಿದ ಕಥೆಯನ್ನು ಮೊನ್ನೆ ಎಲ್ಲೋ ಓದಿದೆ. ಅಲ್ಲಿಯೂ ಅಡುಗೆಮನೆಯಲ್ಲಿ, ಲಾರಿಯಲ್ಲಿ ಕೆಲಸ ಮಾಡುತ್ತಾ ತಮ್ಮ ಭಾಷೆಯಲ್ಲಿ ಆಟ ಕೇಳಿದವರು ಇದ್ದರಲ್ಲ? ಅವರಲ್ಲೂ ಕಣ್ಣು ಕಾಣದ ಒಬ್ಬ ಅಜ್ಜ ಇದ್ದೇ ಇರುತ್ತಾನೆ.

ಸರಿ, ಫೋನ್ ತೆಗೆದುಕೊಂಡು ನಾನೇ ಶುರು ಮಾಡಿದೆ.

"ಅಂಕಲ್, ಅಯ್ಯೋ, ಹೋಯ್ತು! ಛೇ!"

"ಏನು ಹೋಯ್ತು? ಅಯ್ಯೋ ಆಮೇಲೆ ಹೇಳು, ಬಾಲ್ ಎಲ್ಲುಂಟು ಮೊದ್ಲು ಹೇಳು."

"ಏಳು ನಂಬರ್ ಹತ್ರ."

"ನಂಬರ್ ಕಟ್ಕೊಂಡು ನಾನೇನು ಮಾಡ್ಲಿ? ಆಳು ಹೇಗುಂಟು?"

"ಉದ್ದಕ್ಕಿದ್ದಾರೆ. ಓಡುವಾಗ ಬಲಗಾಲು ಸ್ವಲ್ಪ ಎಳೀತಾರೆ."

"ಹಾಂ! ಅದು ನನ್ನ ಅಣ್ಣನ ಮಗ. ಸ್ಕೂಟರಿಂದ ಬಿದ್ದದ್ದು. ಅವ್ನು ಪಾಸ್ ಕೊಡೋದಿಲ್ಲ, ನೋಡ್ತಾ ಇರು."

ಕೊಡಲಿಲ್ಲ! ಹೀಗೆ ನಮ್ಮ ಬಂಡಿ ಓಡಿತು. ಕಣ್ಣು ನನ್ನದು, ಜನ ಅವರದು. ನಾನು ದಪ್ಪ ಜಡೆ ಎಂದರೆ ಅವರು ಯಾರ ಹೆಂಡತಿ ಎಂದು ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಮನೆಯ ಹನ್ನೊಂದು ಮಂದಿಯೂ ನನಗೆ ನೆಂಟರಾದರು. ಒಂದು ಗೋಲಿನಿಂದ ಹಿಂದಿದ್ದೆವು. ಹೌದು, "ಹಿಂದಿದ್ದೆವು". ನಾನೂ ಆ ಮನೆಯವಳೇ ಆಗಿದ್ದೆ.

ಕೊನೆಯಲ್ಲಿ ದೇಚುವನ್ನು ಗ್ರೌಂಡಿಗೆ ಇಳಿಸಿದರು.

"ಬಂದ್ಳು ಅಂಕಲ್. ಬಲಗಡೆ ಗೆರೆ ಹತ್ರ ನಿಂತಿದ್ದಾಳೆ."

ಅಂಕಲ್ ಕುರ್ಚಿಯ ತುದಿಗೆ ಬಂದರು. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದರು.

"ಬಾಲ್ ಸಿಕ್ತು ಅವ್ಳಿಗೆ. ಓಡ್ತಿದ್ದಾಳೆ. ಒಬ್ಬನ್ನ ದಾಟಿದ್ಳು. ಗೋಲ್ ಮುಂದಿನ ಡಿ ಒಳಗೆ ಹೋದ್ಳು ಅಂಕಲ್, ಎದುರಿಗೆ ಗೋಲ್‌ಕೀಪರ್ ಮಾತ್ರ..."

ಚಿತ್ರ ನಿಂತಿತು. ನಡುವೆ ಬಿಳಿ ಬಳೆ ತಿರುಗತೊಡಗಿತು. ನೆಟ್‌ವರ್ಕ್!

"ಬಾಲ್ ಎಲ್ಲುಂಟು?"

ನಾನು ಫೋನ್ ಮೇಲೆತ್ತಿ ಸಿಗ್ನಲ್ ಹುಡುಕಿದೆ.

"ಹೇಳು ಮಾರಾಯ್ತಿ, ಬಾಲ್ ಎಲ್ಲುಂಟು?"

ಅಷ್ಟರಲ್ಲಿ ನೆಟ್‌ವರ್ಕ್ ಮರಳಿ, ಅದೇ ಫೋನಿಗೆ ವಿಡಿಯೊ ಕಾಲ್ ಬಂತು. ಗ್ರೌಂಡಿನಿಂದ ಮಗ. "ಅಪ್ಪಾ, ನೋಡಿ ನೋಡಿ! ನಿಮ್ಮ ಮೊಮ್ಮಗ್ಳು!" ಎಂದು ಕೂಗಿ ಕ್ಯಾಮೆರಾವನ್ನು ಅತ್ತ ತಿರುಗಿಸಿದ. ಕುಣಿಯುವ ತಲೆಗಳು, ವಾಲಗ, ಬೊಬ್ಬೆ. "ಕಂಡ್ತಾ ಅಪ್ಪಾ?"

"ಕಂಡ್ತು, ಕಂಡ್ತು" ಎಂದರು ಅಂಕಲ್. ಕಾಲ್ ಕಟ್ ಆಯಿತು.

"ಯಾಕೆ ಹಾಗಂದ್ರಿ ಅಂಕಲ್?"

"ಪಾಪ, ಅಷ್ಟು ಖುಷೀಲಿ ತೋರಿಸ್ತಾ ಇದ್ದ. ಇಲ್ಲ ಅನ್ಲಿಕ್ಕೆ ಆಗ್ತದಾ?" ಎಂದವರು ದನಿ ತಗ್ಗಿಸಿದರು. "ಗೋಲಾ?"

ಲೈವ್ ಮತ್ತೆ ಬಂದಾಗ ರಿಪ್ಲೇ ತೋರಿಸುತ್ತಿದ್ದರು. ಗೋಲ್ ಅಲ್ಲ. ಬಾಲ್ ಕಂಬಕ್ಕೆ ಬಡಿದು ಆಚೆ ಹೋಗಿತ್ತು. ಮ್ಯಾಚ್ ಮುಗಿದಿತ್ತು. ಕುಣಿಯುತ್ತಿದ್ದವರು ಗೆದ್ದ ಮನೆಯವರು; ಮಗನ ಖುಷಿ ದೇಚು ಆಡಿದ್ದಕ್ಕೆ ಮಾತ್ರ. ಗೋಲ್ ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಇಡೀ ಮನೆಯಲ್ಲಿ ಆ ಹೊತ್ತಿಗೆ ಅವರ ಪಾಲಿಗಿದ್ದ ಕಣ್ಣು ಒಂದೇ. ಅದೂ ಸುಳ್ಳು ಹೇಳಿದರೆ?

"ಕಂಬಕ್ಕೆ ತಾಗಿ ಹೊರಗೆ ಹೋಯ್ತು ಅಂಕಲ್. ಸೋತ್ವಿ."

"ಯಾವ ಕಂಬ?"

"ಬಲಗಡೇದು. ಹೊರಬದಿಗೆ ಬಡೀತು."

ಅವರು ಊರುಗೋಲನ್ನು ಸ್ಟಿಕ್ಕಿನಂತೆ ಹಿಡಿದು, ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. "ಮಣಿಕಟ್ಟು ಚೂರು ಬೇಗ ತಿರುಗ್ಬೇಕಿತ್ತು" ಎಂದರು. "ಈಗ ಕಂಡ್ತು ನೋಡು ನಂಗೆ."

ಸಂಜೆ ಎಲ್ಲರೂ ಬಂದರು. ದೇಚು ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ನೇರ ಅಜ್ಜನ ಬಳಿ ಬಂದು ಫೋನ್ ಚಾಚಿದಳು. "ಅಜ್ಜ, ಕ್ಲಿಪ್ ಉಂಟು. ಹೇಗೆ ಮಿಸ್ ಆಯ್ತು ನೋಡಿ." (ಅವರ ಮಾತು ಕೊಡವ ಭಾಷೆಯಲ್ಲಿ. ನಾನು ಕನ್ನಡ ಮಾಡಿದ್ದೇನೆ.)

ಅಂಕಲ್ ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡರು. "ನೀನೇ ಹೇಳು ಮಗಳೇ. ಬಾಲ್ ಎಲ್ಲಿ ಸಿಕ್ತು ನಿಂಗೆ?"

ಹುಡುಗಿ ಬಾಯಿ ತೆರೆದಳು. "ಅದು... ಹಿಂಗೆ ಬಂತು ಅಜ್ಜ. ನಾನು ಹಿಂಗೆ ತಗೊಂಡು... ಆಮೇಲೆ ಹಿಂಗೆ..." ಅವಳ ಕೈಗಳು ಗಾಳಿಯಲ್ಲಿ ಚಂದವಾಗಿ ಆಡುತ್ತಿದ್ದವು. ಮಾತು ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ಅಂಕಲ್ ಮುಖ ಅವಳ ಕಡೆಗೇ ಇತ್ತು. ತಾಳ್ಮೆಯಿಂದ ಕೇಳಿದರು.

"ಹಿಂಗೆ ಅಂದ್ರೆ ಹೆಂಗೆ, ಮಗಳೇ?"