ಹಿಂದಕ್ಕೆ ಹಾಕುವ ಹೆಜ್ಜೆ

ಇಂಗ್ಲಿಷರು ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ವಾಲ್ಟ್ಜ್ ಅನ್ನು ನಾನು ಬೆಂಗಳೂರಿನ ದಂಡು ಪ್ರದೇಶದಲ್ಲಿ, ನಮ್ಮ ಪ್ರೊಫೆಸರರ ಮನೆಯಲ್ಲಿ ಕಲಿತೆ. ಹಿರಿಯೂರಿಗೆ ಮೇಷ್ಟ್ರಾಗಿ ಬಂದ ಮೇಲೂ ಅದರ ಹುಚ್ಚು ಬಿಡಲಿಲ್ಲ. ಭಾನುವಾರ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಕುರ್ಚಿಯನ್ನು ಹಿಡಿದು, ಒಂದು ಎರಡು ಮೂರು ಎಂದು ಎಣಿಸುತ್ತ ತಿರುಗುತ್ತಿದ್ದೆ.

ಒಮ್ಮೆ ಅಗಳಿ ಹಾಕಲು ಮರೆತೆ. ತಿರುಗಿದಾಗ ಹೊಸ್ತಿಲಲ್ಲಿ ಮನೆ ಯಜಮಾನ ರುದ್ರಪ್ಪನವರು ನಿಂತಿದ್ದರು. ನನ್ನ ಶಾಲೆಯ ಆಡಳಿತಕ್ಕೂ ಅವರೇ ಹಿರಿಯರು.

“ಏನ್ರಿ ಮೇಷ್ಟ್ರೇ ಇದು?”

“ಕುಣಿತ.”

“ಕುರ್ಚಿ ಜತೆಗಾ?”

ಸುಳ್ಳು ಹೊಳೆಯಲಿಲ್ಲ. “ಕುರ್ಚಿ ಇರೋ ಕಡೆ ಹೆಂಗಸು ಇರ್ಬೇಕು. ಅವರದು ಹಿಂದಕ್ಕೆ ಹಾಕೋ ಹೆಜ್ಜೆ.”

ಕೆಲಸ, ಕೋಣೆ ಎರಡೂ ಹೋದವು ಎಂದುಕೊಂಡೆ. ಅವರು ಒಳಬಂದು ಅಗಳಿ ಹಾಕಿದಾಗ, ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ.

“ಕುರ್ಚಿ ಆ ಕಡೆ ಇಡ್ರಿ. ನಲವತ್ತು ವರ್ಷ ದೇವರ ಪಲ್ಲಕ್ಕಿ ಮುಂದೆ ಕುಣಿದೀನಿ. ಸ್ವಾಮಿಗೆ ಬೆನ್ನು ತೋರ್ಸಂಗಿಲ್ಲ, ಊರು ಸುತ್ತೋತನಕ ಹಿಂದಕ್ಕೇ ನಡೀಬೇಕು. ಎಣಿಸ್ರಿ.”

ಎಣಿಸಿದೆ. ಕುರ್ಚಿಯ ಜಾಗದಲ್ಲಿ ಅವರು ನನ್ನ ಕೈ ಹಿಡಿದು ತಿರುಗಿದರು. ಅವರ ಹೆಜ್ಜೆ ಒಂದೂ ತಪ್ಪಲಿಲ್ಲ.

ಹೊರಗೆ ಬಳೆ ಸದ್ದಾಯಿತು. ಯಜಮಾನರು ಥಟ್ಟನೆ ನಿಂತು ನನ್ನ ತೋಳು ಹಿಡಿದರು. “ನಾನು ಹೆಂಗಸಿನ ಹೆಜ್ಜೆ ಹಾಕ್ದೆ ಅಂತ ನಮ್ಮನೆಯಾಕೆಗೆ ಹೇಳ್ಬ್ಯಾಡ್ರಿ!”

ನಾನು ನೃತ್ಯದ ಮೇಷ್ಟ್ರಾದದ್ದು ಹೀಗೆ. ಈಗ ಭಾನುವಾರ ಅಗಳಿ ಬಿದ್ದಿದೆಯೇ ಎಂದು ಎರಡೆರಡು ಸಲ ನೋಡುವವರು ನನ್ನ ಶಿಷ್ಯ ರುದ್ರಪ್ಪನವರೇ.